ಇತ್ತಾ ಎಂದು ಕೇಳುತ್ತಿದ್ದವರು

ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ನನ್ನ ಮೇಜಿನ ಮುಂದಿದ್ದೆ. ಫೋನಿನಲ್ಲಿ, ನನಗೆ ಕೆಲಸ ಕಲಿಸಿದ ಅಕ್ಕನ ತಮ್ಮ "ಅಕ್ಕ ಹ್ವಾದ್ಲ್" ಎಂದ. ನಾನು "ಹೂಂ" ಎಂದೆ. ಫೋನ್ ಇಟ್ಟು, ಅರ್ಧಕ್ಕೆ ನಿಂತಿದ್ದ ಸಾಲನ್ನು ಬರೆದು ಮುಗಿಸಿದೆ. ಫೈಲ್ ಸೇವ್ ಮಾಡಿದೆ. ಬುತ್ತಿ ಬಿಚ್ಚಿ ಉಂಡೆ. ಕೈ ತೊಳೆದು ಬಂದ ಮೇಲೆ ಪಕ್ಕದ ಮೇಜಿನ ಹುಡುಗಿಗೆ ವಿಷಯ ಹೇಳಿದೆ. ಅವಳು ಅಳತೊಡಗಿದಳು. ನಾನು ಅವಳಿಗೆ ನೀರು ತಂದುಕೊಟ್ಟೆ.

ಇಲಿಜ್ವರ. ನಮ್ಮ ಕಡೆ ಮಳೆಗಾಲದಲ್ಲಿ ಅದು ಹೊಸತೇನಲ್ಲ. ಅಂಗಳದಲ್ಲಿ ನೀರು ನಿಂತಿರುತ್ತದೆ, ಕಾಲಿನಲ್ಲಿ ಎಲ್ಲೋ ಒಂದು ಗಾಯ ಇರುತ್ತದೆ. ಮೊದಲು ಮೈಕೈ ನೋವು, ಚಳಿ. ಅವರು ಮಾಮೂಲಿ ಜ್ವರ ಎಂದುಕೊಂಡು ಮನೆಯಲ್ಲೇ ಮಲಗಿದ್ದರು. ಆಸ್ಪತ್ರೆಗೆ ಸೇರಿಸುವಾಗ ಕಿಡ್ನಿ ಕೆಲಸ ನಿಲ್ಲಿಸಿತ್ತು. ಐವತ್ತು ತುಂಬಿರಲಿಲ್ಲ.

ಅವರ ಬಗ್ಗೆ ಬರೆಯಬೇಕು ಎಂದು ಕುಳಿತರೆ ಮೊದಲು ನೆನಪಾಗುವುದು ಅವರ ಕೈಗಳು. ನನಗೆ ಕೆಲಸ ಕಲಿಸುವಾಗ ಅವರು ನನ್ನ ಕುರ್ಚಿಯ ಹಿಂದೆ ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾನು ಎಷ್ಟೇ ತಪ್ಪು ಒತ್ತಿದರೂ ನನ್ನ ಕೀಬೋರ್ಡನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ನಾನೇ ಬೇಸತ್ತು, "ನೀವೇ ಬರ್ದ್ ಕೊಡಿ ಅಕ್ಕ" ಎಂದೆ. "ನಾ ಬರ್ದ್ರೆ ನಂಗ್ ಬತ್ತ್. ನಿಂಗ್ ಎಲ್ಲಿಂದ ಬಪ್ಪುದ್?" ಎಂದು ನಕ್ಕರು.

ನಮ್ಮ ಆಫೀಸು ಕುಂದಾಪುರದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆ. ಬೆರಳೆಣಿಕೆಯ ಜನ. ನಾನು ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವರು ಎದುರು ದಿಕ್ಕಿನಿಂದ, ಉಪ್ಪುಂದದ ಕಡೆಯಿಂದ ಬರುತ್ತಿದ್ದರು. ಮನೆ ಕೊಡೇರಿಯ ಕಡಲ ಬದಿಯಲ್ಲಿ. ಅಪ್ಪ, ಅಜ್ಜ ಎಲ್ಲ ಮೀನು ಹಿಡಿದವರು. ತಮ್ಮನಿಗೂ ಒಂದು ದೋಣಿ ಇತ್ತು. ಇವರು ಓದಿ, ಮುಂಬೈಯಲ್ಲಿ ಕೆಲವು ವರ್ಷ ಕಂಪ್ಯೂಟರ್ ಕೆಲಸ ಮಾಡಿ, ಅಬ್ಬಿಗೆ, ಅಂದರೆ ಅಮ್ಮನಿಗೆ, ಪಾರ್ಶ್ವವಾಯು ಆದಾಗ ವಾಪಸು ಬಂದವರು. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಂಬೈಯಿಂದ ಅವರು ತಂದದ್ದು ಒಂದಿಷ್ಟು ಹಿಂದಿ ಮತ್ತು ಸಪ್ಪೆ ಮಾತನ್ನು ಸಹಿಸದ ನಾಲಗೆ. ಯಾಕೆ ಓಡುತ್ತಿದೆ ಎಂದು ಯಾರಿಗೂ ತಿಳಿಯದ ಹಳೆಯ ಪ್ರೋಗ್ರಾಮು ಕಂಡರೆ "ಖಾಲಿಪೀಲಿ ನಡೀತಾ ಇತ್ತ್ ಕಾಣ್ ಇದ್" ಎನ್ನುತ್ತಿದ್ದರು. ಖಾಲಿಪೀಲಿ ಎಂದರೆ ಮುಂಬೈಯ ಹಿಂದಿಯಲ್ಲಿ ಸುಮ್ಮಸುಮ್ಮನೆ ಎಂದು.

ಮಧ್ಯಾಹ್ನ ಅವರ ಡಬ್ಬಿಯಲ್ಲಿ ಒಣಸಿಗಡಿ ಚಟ್ನಿ ಇದ್ದೇ ಇರುತ್ತಿತ್ತು. ನಮ್ಮ ಮಾಲೀಕರಿಗೆ ಆ ವಾಸನೆ ಆಗುತ್ತಿರಲಿಲ್ಲ. ಅವರು ಬಾಯಿಬಿಟ್ಟು ಹೇಳದೆ ಬಂದು ಕಿಟಕಿ ತೆರೆದು ಹೋಗುತ್ತಿದ್ದರು. ಅಕ್ಕ, "ಇನ್ನೊಂದ್ ಕಿಟ್ಕಿಯೂ ತೆಗಿನಿ ಸರ್, ಸೆಕೆ ಆತ್" ಎನ್ನುತ್ತಿದ್ದರು. ಹೀಗೆ ಒಬ್ಬರಿಗೊಬ್ಬರು ಏನೂ ಹೇಳದೆ ಇಬ್ಬರಿಗೂ ಎಲ್ಲ ತಿಳಿದಿತ್ತು. ಒಂದೆರಡು ಸಲ ನಾನು ಅವರ ಮನೆಗೆ ಹೋಗುವಾಗ ಬಸ್ಸಿನಲ್ಲಿ ಜೊತೆಗೆ ಕುಳಿತಿದ್ದೆ. ತ್ರಾಸಿ ದಾಟಿ, ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಮರವಂತೆ ಬಂದಾಗ ಬಸ್ಸಿನವರೆಲ್ಲ ಕಡಲಿನ ಕಡೆಗೆ ತಿರುಗಿದರೆ ಇವರು ಹೊಳೆಯ ಕಡೆಯ ಸೀಟೇ ಬೇಕೆಂದು ಕಂಡಕ್ಟರ್ ಹತ್ತಿರ ಜಗಳವಾಡುತ್ತಿದ್ದರು. "ಕಡ್ಲ್ ಮನೆ ಬಾಗ್ಲಂಗೇ ಇತ್ತ್. ಬಸ್ಸಂಗೂ ಅದನ್ನೇ ಕಾಂಬ್ದಾ?"

ನಾವು ಮಾಡುತ್ತಿದ್ದ ಕೆಲಸಗಳಲ್ಲಿ ಒಂದು, ಮೀನುಗಾರರ ಸಂಘವೊಂದಕ್ಕಾಗಿ ಕಡಲಿನ ಮುನ್ಸೂಚನೆ ಕಳಿಸುವುದು. ಗಾಳಿ ಎಷ್ಟು, ತೆರೆ ಎಷ್ಟು ಎತ್ತರ ಎಂಬ ಮಾಹಿತಿ ಬೇರೆ ಕಡೆಯಿಂದ ನಮ್ಮ ಕಂಪ್ಯೂಟರಿಗೆ ಬರುತ್ತಿತ್ತು. ಅದನ್ನು ನಮ್ಮ ಪ್ರೋಗ್ರಾಮು ಓದಿ, ಕನ್ನಡದ ನಾಲ್ಕು ಮಾತಾಗಿ ಮಾಡಿ, ಪ್ರತಿ ಬೆಳಿಗ್ಗೆ ದೋಣಿಯವರ ಫೋನಿಗೆ ಧ್ವನಿ ಸಂದೇಶವಾಗಿ ಕಳಿಸುತ್ತಿತ್ತು. ಗಂಗೊಳ್ಳಿಯಿಂದ ಶಿರೂರಿನವರೆಗೆ ಅದನ್ನು ಕೇಳುವವರಿದ್ದರು.

ಆ ಮಾಹಿತಿ ಬರುತ್ತಿದ್ದುದು ಜೇಸನ್ ಎಂಬ ರೂಪದಲ್ಲಿ. ಕಣ್ಣಿಗೆ ಬರೀ ಅಕ್ಷರ ಮತ್ತು ಆವರಣ ಚಿಹ್ನೆಗಳು. ಒಂದು ಹೆಸರಿನ ಒಳಗೆ ಇನ್ನೊಂದು ಹೆಸರು, ಅದರ ಒಳಗೆ ಒಂದು ಸಾಲು, ಸಾಲಿನ ಒಳಗೆ ಮತ್ತೆ ಹೆಸರುಗಳು, ಎಲ್ಲಕ್ಕಿಂತ ಒಳಗೆ ನಮಗೆ ಬೇಕಾದ ಅಂಕೆ. ಗಂಗೊಳ್ಳಿಯ ಹೊರಗೆ ಬೆಳಿಗ್ಗೆ ಗಾಳಿ ಎಷ್ಟಿದೆ ಎಂದು ತಿಳಿಯಬೇಕಾದರೆ ಮೊದಲು ಜಾಗ, ಜಾಗದ ಒಳಗೆ ಮುನ್ಸೂಚನೆ, ಅದರ ಒಳಗೆ ಆ ಹೊತ್ತು, ಆ ಹೊತ್ತಿನ ಒಳಗೆ ಗಾಳಿ, ಗಾಳಿಯ ಒಳಗೆ ವೇಗ, ಹೀಗೆ ಇಳಿಯಬೇಕು. ನಾವು ಬರೆಯುತ್ತಿದ್ದುದು ಗೋ ಎಂಬ ಭಾಷೆಯಲ್ಲಿ. ಆ ಭಾಷೆಯಲ್ಲಿ ಹೀಗೆ ಒಳಗೆ ಇಳಿಯುವಾಗ ಪ್ರತಿ ಮೆಟ್ಟಿಲಿನಲ್ಲೂ ನಾವು ಹುಡುಕುವುದು ಅಲ್ಲಿ ಇದೆಯೋ ಇಲ್ಲವೋ ಎಂದು ಕೇಳಬಹುದು. ಕೇಳದೆಯೂ ಕಾಲಿಡಬಹುದು. ಕೇಳದೆ ಕಾಲಿಟ್ಟು, ಅಲ್ಲಿ ಏನೂ ಇಲ್ಲದಿದ್ದರೆ ಇಡೀ ಪ್ರೋಗ್ರಾಮು ಬಿದ್ದು ಸಾಯುತ್ತದೆ.

ನಾನು ಸೇರಿದ ಹೊಸತರಲ್ಲಿ ನನ್ನದು ದಿನಾ ಸಾಯುತ್ತಿತ್ತು.

"ಎಂತ ಆಯ್ತ್ ಹೆಣೆ?" ಹಿಂದಿನಿಂದ ಅವರ ಸ್ವರ. ನಮ್ಮ ಕಡೆ ಹುಡುಗಿಯರನ್ನು ಸಲಿಗೆಯಿಂದ ಕರೆಯುವುದು ಹೆಣೆ ಎಂದೇ.

"ಗಾಳಿ ಓದುಕ್ ಹೋದ್ರೆ ಬಿದ್ದೇ ಹೋತಿತ್ತ್ ಅಕ್ಕ."

ಅವರು ಸ್ವಲ್ಪ ಹೊತ್ತು ಪರದೆ ನೋಡಿದರು. "ನೀ ನಮ್ಮನಿಗ್ ಬಪ್ಪುಕೆ ಹೊರ್ಟೆ ಅಂದೇಳಿ ಮಾಡ್ಕೊ. ಬಸ್ ಇಳ್ದ್ ಕಣ್ಣ್ ಮುಚ್ಕಂಡ್ ಬತ್ಯಾ? ಕಡ್ಲ್ ಬದಿ ರಸ್ತೆ ಇತ್ತಾ ಅಂದೇಳಿ ಕೇಣ್ತೆ. ಇತ್ತ್ ಅಂದ್ರೆ ಮುಂದ್ ಹೋತೆ. ಆ ಕೇರಿ ಇತ್ತಾ ಕೇಣ್ತೆ. ಮನಿ ಇತ್ತಾ ಕೇಣ್ತೆ. ಒಂದಾರೂ ಇಲ್ಲ ಅಂದ್ರೆ ಅಲ್ಲೇ ನಿಲ್ಲ್. ಇಲ್ದಿದ್ ಮನಿ ಒಳ್ಗ್ ಕಾಲ್ ಹಾಕ್ರೆ ಬಾವಿಗ್ ಬೀಳುದೇ."

ಈ ಪ್ರಶ್ನೆಯ ಉತ್ತರ ಹಿಡಿದಿಡುವ ಜಾಗಕ್ಕೆ ಗೋ ಬರೆಯುವವರೆಲ್ಲ ಓಕೆ ಎಂದು ಹೆಸರಿಡುತ್ತಾರೆ. ಅಕ್ಕ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇತ್ತಾ ಎಂದು ಬರೆಯುತ್ತಿದ್ದರು. ನಮ್ಮ ಕಡೆ ಇತ್ತಾ ಎಂದರೆ ಇದೆಯಾ ಎಂದು. ಬೆಂಗಳೂರಿನಿಂದ ಬಂದ ಒಬ್ಬ ಅದನ್ನು ನೋಡಿ, ಇದೇನು, ಹಿಂದೆ ಇತ್ತು ಈಗ ಇಲ್ಲ ಎಂದು ಅರ್ಥವಾ ಎಂದು ಕೇಳಿದ. ಅಕ್ಕ ನಗುತ್ತ, "ಅಲ್ಲ ಮಾರಾಯ್ರೆ, ಈಗ ಇತ್ತ್" ಎಂದರು. ಅವನಿಗೆ ಇನ್ನೂ ಗೊಂದಲವಾಯಿತು.

ಇನ್ನೊಮ್ಮೆ ನಾನು ದೋಣಿ ಮಾಲೀಕರ ಫೋನ್ ನಂಬರುಗಳನ್ನು ಓದಿದ್ದೆ. ಜೇಸನ್‌ನಿಂದ ಹೀಗೆ ಬಂದ ಅಂಕೆಯನ್ನು ಏನೆಂದು ಹೇಳದೆ ತೆಗೆದುಕೊಂಡರೆ ಗೋ ಅದನ್ನು ದಶಮಾಂಶದ ಸಂಖ್ಯೆ ಎಂದುಕೊಳ್ಳುತ್ತದೆ. ನಂಬರುಗಳೆಲ್ಲ ಒಂಬತ್ತು ಬಿಂದು ಏನೋ ಗುಣಿಸು ಹತ್ತರ ಘಾತ ಎಂಬಂತೆ ಪರದೆಯ ಮೇಲೆ ಬಂದವು. ಅಕ್ಕ ಕನ್ನಡಕ ಏರಿಸಿ ನೋಡಿ, "ಇದ್ ಎಲ್ಲಿಗ್ ಫೋನ್ ಮಾಡುದ್ ಹೆಣೆ, ಚಂದ್ರಲೋಕಕ್ಕಾ?" ಎಂದರು. ಆ ದಿನ ಮಧ್ಯಾಹ್ನದವರೆಗೆ ನಕ್ಕರು. ನಗುವಾಗ ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತಿದ್ದರು. ತಪ್ಪು ಸಂದೇಶ ಬಂದರೆ ಮಗುವಿನ ಹತ್ತಿರ ಮಾತಾಡುವ ಹಾಗೆ "ಎಂತ ಮಗಾ, ಎಂತ ಆಯ್ತ್ ನಿಂಗ್?" ಎಂದು ಪರದೆಯನ್ನೇ ಕೇಳುತ್ತಿದ್ದರು. ಆಗ ಅವರು ಹಾಗಿದ್ದರು.

ಎರಡು ವರ್ಷದ ಹಿಂದೆ, ಮಳೆಗಾಲದ ನಡುವೆ ನಾಡದೋಣಿಗಳು ಕಡಲಿಗೆ ಇಳಿಯತೊಡಗಿದ ದಿನಗಳಲ್ಲಿ, ಅವರ ತಮ್ಮನ ದೋಣಿ ಕೊಡೇರಿಯ ಅಳಿವೆಯಲ್ಲಿ ಮಗುಚಿತು. ಹೊಳೆ ಕಡಲಿಗೆ ಸೇರುವ ಬಾಯಿ ಅದು. ಗಾಳಿ ಜೋರಿದ್ದರೆ ಅಲ್ಲಿ ನೀರು ಗೋಡೆಯ ಹಾಗೆ ಏಳುತ್ತದೆ. ದೋಣಿಯಲ್ಲಿದ್ದವರೆಲ್ಲ ಈಜಿ ದಡ ಸೇರಿದರು, ಒಬ್ಬರ ಹೊರತು. ಅವರು ಅಕ್ಕನ ನೆರೆಮನೆಯವರು, ತಮ್ಮನ ಜೊತೆಯೇ ಬೆಳೆದವರು. ಮರುದಿನ ಮರವಂತೆಯ ಹತ್ತಿರ ಹೆಣ ಸಿಕ್ಕಿತು.

ಶವ ಸಂಸ್ಕಾರ ಮುಗಿದ ಮರುದಿನ ಅಕ್ಕ ಆಫೀಸಿಗೆ ಬಂದರು. ತಮ್ಮ ಜಾಗದಲ್ಲಿ ಕುಳಿತು, ಅಪಘಾತದ ದಿನ ಬೆಳಿಗ್ಗೆ ನಮಗೆ ಬಂದಿದ್ದ ಮಾಹಿತಿಯನ್ನು ತೆರೆದರು. ಆಮೇಲೆ ನಮ್ಮ ಪ್ರೋಗ್ರಾಮು ಏನು ಕಳಿಸಿತ್ತು ಎಂದು ನೋಡಿದರು. ನಂತರ ನನ್ನನ್ನು ಕರೆದರು, ಮಾಲೀಕರನ್ನೂ ಕರೆದರು.

"ಕಾಣಿ," ಎಂದರು.

ಮಾಹಿತಿ ಕಳಿಸುವವರು ಹೇಳದೆ ಕೇಳದೆ ಅದರ ಆಕಾರ ಬದಲಿಸಿದ್ದರು. ಗಾಳಿಯ ವೇಗ ಮೊದಲಿದ್ದ ಜಾಗದಿಂದ ಇನ್ನೂ ಒಂದು ಮೆಟ್ಟಿಲು ಒಳಗೆ ಹೋಗಿತ್ತು. ತೆರೆಯ ಎತ್ತರವೂ ಹಾಗೆಯೇ. ಬೇರೆ ಎಲ್ಲ ಕಡೆ ಇತ್ತಾ ಇತ್ತಾ ಎಂದು ಕೇಳುತ್ತಿದ್ದ ಅಕ್ಕ, ಈ ಒಂದು ಕಡೆ ಕೇಳಿರಲಿಲ್ಲ. ಗೋ ಭಾಷೆಯಲ್ಲಿ ಇನ್ನೊಂದು ದಾರಿಯೂ ಇದೆ. ಮಾಹಿತಿ ಯಾವ ಆಕಾರದಲ್ಲಿ ಬರುತ್ತದೆಯೋ ಅದೇ ಆಕಾರದ ಒಂದು ಅಚ್ಚನ್ನು ಮೊದಲೇ ಮಾಡಿಟ್ಟು, ಬಂದದ್ದನ್ನು ಅದಕ್ಕೆ ಸುರಿಯುವುದು. ಬರೆಯಲು ಸುಲಭ, ಓದಲು ಚಂದ. ಆದರೆ ಅಚ್ಚಿನಲ್ಲಿ ಒಂದು ಜಾಗಕ್ಕೆ ಏನೂ ಬಂದು ಬೀಳದಿದ್ದರೆ ಗೋ ಕೂಗುವುದಿಲ್ಲ, ಬೀಳುವುದಿಲ್ಲ. ಆ ಜಾಗದಲ್ಲಿ ಸುಮ್ಮನೆ ಸೊನ್ನೆ ಕೂತಿರುತ್ತದೆ.

ಗಾಳಿ ಸೊನ್ನೆ. ತೆರೆ ಸೊನ್ನೆ. ಆ ಬೆಳಿಗ್ಗೆ ಎಲ್ಲರ ಫೋನಿಗೂ ಹೋಗಿದ್ದದ್ದು, "ಇವತ್ತು ಗಾಳಿ ಇಲ್ಲ, ಕಡಲು ಶಾಂತವಾಗಿದೆ" ಎಂಬ ಮಾತು.

ಮಾಲೀಕರು ಹೋಗಿ ಬಾಗಿಲು ಮುಚ್ಚಿ ಬಂದರು. ಕೆಟ್ಟವರಲ್ಲ ಅವರು. ಹೆದರಿದ್ದರು. "ಕಾಣಿ, ಅವ್ರ್ ನಮ್ ಮೆಸೇಜ್ ಕೇಂಡೇ ಹೋದ್ರ್ ಅಂದೇಳಿ ಯಾರ್ ಹೇಳ್ರ್? ಕಡ್ಲಿಗ್ ಹೋಪರಿಗೆ ನಾವ್ ಹೇಳ್ಕಾ? ಸುಮ್ನೆ ಎಂತಕ್ ಮೈಮೇಲೆ ಎಳ್ಕಂಬುದ್? ಸರಿ ಮಾಡಿ, ಮುಗೀತ್."

"ಸರಿ ಮಾಡ್ತೆ ಸರ್," ಎಂದರು ಅಕ್ಕ. "ಹೇಳೂ ಹೇಳ್ತೆ."

ಹೊರಡುವಾಗ ನನ್ನ ಹತ್ತಿರ ಬಂದು, "ನಂಜೊತಿಗ್ ಬತ್ಯಾ?" ಎಂದು ಕೇಳಿದರು. ನಾನು ಚೀಲ ತೆಗೆದುಕೊಂಡು ಅವರ ಹಿಂದೆ ಇಳಿದೆ.

ತೀರಿಕೊಂಡವರ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಚಪ್ಪರ ಇನ್ನೂ ಇತ್ತು. ಅವರ ಹೆಂಡತಿ ಜಗಲಿಯಲ್ಲಿ ಕುಳಿತಿದ್ದರು, ನನ್ನದೇ ವಯಸ್ಸಿನವರು. ದೊಡ್ಡಪ್ಪನ ಸಂಬಂಧದ ಒಬ್ಬ ಮುದುಕರು, ನಾಲ್ಕಾರು ನೆರೆಕರೆಯವರು. ಅಕ್ಕನ ತಮ್ಮನೂ ಅಲ್ಲೇ ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ಅವನ ಹತ್ತಿರ ಯಾರೂ ನಿಂತಿರಲಿಲ್ಲ. ದೋಣಿ ಅವನದು, ಆ ದಿನ ಹೊರಡುವ ಎಂದವನು ಅವನು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಕ್ಕ ಕುಳಿತುಕೊಳ್ಳಲಿಲ್ಲ. ಅಂಗಳದಲ್ಲಿ ನಿಂತೇ ಹೇಳಿದರು. "ಅವತ್ತ್ ಬೆಳ್ಗೆ ನಮ್ ಮೆಸೇಜ್ ಕಡ್ಲ್ ಶಾಂತ ಅಂದೇಳಿ ಹೇಳಿತ್ತ್. ಅದ್ ಸುಳ್ಳ್. ಗಾಳಿ ಲೆಕ್ಕ ನಮಗ್ ಸಿಕ್ಕಿರ್ಲಿಲ್ಲ. ಸಿಕ್ಕಿಲ್ಲ ಅಂದೇಳಿ ಹೇಳ್ಕಾಯಿತ್ತ್. ಸೊನ್ನೆ ಅಂದೇಳಿ ಹೇಳ್ತ್. ಅದನ್ನ್ ಬರ್ದದ್ದ್ ನಾನ್."

ಮುದುಕರು ತಲೆ ಅಲ್ಲಾಡಿಸಿದರು. "ನಾವ್ ಕಡ್ಲ್ ಕಂಡ್ ಹೋಪರ್ ಮಗಾ, ಫೋನ್ ಕಂಡ್ ಅಲ್ಲ. ನೀ ಮನಿಗ್ ಹೋಗ್."

ಜಗಲಿಯಲ್ಲಿದ್ದ ಆಕೆ ಮಾತ್ರ ಅಕ್ಕನನ್ನು ನೋಡಿ ಕೇಳಿದರು. "ನಿಮ್ ತಮ್ಮ ಅದನ್ನ್ ಕೇಂಡಿದ್ರಾ?"

ಎಲ್ಲರೂ ತಮ್ಮನ ಕಡೆಗೆ ತಿರುಗಿದರು. ಅವನು ಮರದಿಂದ ಬೆನ್ನು ತೆಗೆದು ನೇರವಾಗಿ ನಿಂತ. "ಕೇಂಡಿದ್ದೆ," ಎಂದ. "ಕೇಂಡ್ಕಂಡೇ ಹೊರ್ಟದ್ದ್."

ಅಕ್ಕ ಒಮ್ಮೆ ತಮ್ಮನ ಮುಖ ನೋಡಿ ಕಣ್ಣು ತಗ್ಗಿಸಿದರು. ಆಕೆ ಎದ್ದು ನಿಂತು, "ಇನ್ನ್ ನಮ್ಮನಿ ಮೆಟ್ಲ್ ಹತ್ಬೇಡಿ ಅಕ್ಕ" ಎಂದು ಒಳಗೆ ಹೋದರು. ಕೂಗಲಿಲ್ಲ, ಬಯ್ಯಲಿಲ್ಲ. ನಾವು ವಾಪಸು ಬಂದೆವು. ಬಸ್ ನಿಲ್ದಾಣದವರೆಗೆ ಅಕ್ಕ ನನ್ನನ್ನು ಬಿಡಲು ಬಂದರು. ಬಸ್ಸು ಬಂದಾಗ "ಛತ್ರಿ ತಕಂಡ್ಯಾ?" ಎಂದು ಕೇಳಿದರು. ಅಷ್ಟೇ.

ಅದಾದ ಮೇಲೆ ಊರಿನ ಮಾತು ತಿರುಗಿತು. ಮಂಜ ಎಂತ ಮಾಡುದ್, ಫೋನೇ ಮೋಸ ಮಾಡ್ತ್ ಎಂದು ಜನ ಆಡಿಕೊಂಡರು. ಮಂಜ ಎಂದರೆ ಆ ತಮ್ಮ. ಅವನ ದೋಣಿ ರಿಪೇರಿಯಾದ ಮೇಲೆ ಮೊದಲಿನವರೇ ಅವನ ಜೊತೆ ಹೋಗತೊಡಗಿದರು. ಅಕ್ಕನಿಗೆ ಮೀನು ಮಾರುವ ಹೆಂಗಸರು ಮುಖ ಕೊಡುವುದನ್ನು ಬಿಟ್ಟರು. ನೆರೆಮನೆಯ ಎದುರಿಗೆ ಹಾದು ಹೋಗಬಾರದು ಎಂದು ಅವರು ಗದ್ದೆಯ ಬದಿಯಿಂದ ಸುತ್ತಿ ಬಸ್ಸಿಗೆ ಬರುತ್ತಿದ್ದರು. ಮಳೆಗಾಲದಲ್ಲಿ ಆ ದಾರಿಯಲ್ಲಿ ಮೊಣಕಾಲಿನವರೆಗೆ ನೀರು. ಸೀರೆಯ ಅಂಚು, ಚೂಡಿದಾರದ ಕಾಲು ಒದ್ದೆಯಾಗಿಯೇ ಆಫೀಸು ಸೇರುತ್ತಿದ್ದರು.

ಕೆಲಸ ಬಿಡುತ್ತಾರೆ ಎಂದು ನಾನು ತಿಳಿದಿದ್ದೆ. ಬಿಡಲಿಲ್ಲ. ಆ ಪ್ರೋಗ್ರಾಮನ್ನು ಮೊದಲಿನಿಂದ ಬರೆಯಲು ಕುಳಿತರು. ಅಚ್ಚಿನ ಒಳಗೆ ಅಂಕೆಯನ್ನೇ ಇಡುವ ಬದಲು ಅಂಕೆ ಇರುವ ಜಾಗವನ್ನು ತೋರಿಸುವ ಪಾಯಿಂಟರನ್ನು ಇಟ್ಟರು. ಮಾಹಿತಿ ಬಾರದೆ ಹೋದರೆ ಅದು ಎಲ್ಲಿಗೂ ಬೆರಳು ತೋರಿಸುವುದಿಲ್ಲ, ಖಾಲಿ ಇರುತ್ತದೆ. ಆಗ ನಿಜವಾದ ಸೊನ್ನೆ ಯಾವುದು, ಬಾರದೆ ಉಳಿದದ್ದು ಯಾವುದು ಎಂದು ಬೇರೆಯಾಗಿ ತಿಳಿಯುತ್ತದೆ. ಒಂದೇ ಒಂದು ಅಂಕೆ ಕೂಡ ಇತ್ತಾ ಎಂದು ಕೇಳದೆ ಒಳಗೆ ಬರುವ ಹಾಗಿರಲಿಲ್ಲ. ಬಾರದಿದ್ದರೆ ಸಂದೇಶದಲ್ಲಿ, "ಇವತ್ತು ಗಾಳಿಯ ಮಾಹಿತಿ ಸಿಕ್ಕಿಲ್ಲ" ಎಂದೇ ಹೋಗಬೇಕು ಎಂದರು.

ಮಾಲೀಕರು ಒಪ್ಪಲಿಲ್ಲ. "ಸಿಕ್ಕಿಲ್ಲ ಸಿಕ್ಕಿಲ್ಲ ಅಂದ್ರೆ ಜನ ನಮ್ ಮೆಸೇಜ್ ಎಂತಕ್ ಕೇಣ್ತ್ರ್? ಆವತ್ತಿನ್ ದಿನ ಕಳ್ಸುದೇ ಬೇಡ."

"ಕಳ್ಸದಿದ್ರೆ ನೆಟ್‌ವರ್ಕ್ ಇಲ್ಲ ಅಂದ್ಕಂತ್ರ್. ಗೊತ್ತಿಲ್ದಿಪ್ಪುದನ್ನ್ ಗೊತ್ತಿಲ್ಲ ಅಂದೇಳಿ ಹೇಳುಕೆ ನಾಚ್ಕಿ ಎಂತಕ್ಕೆ ಸರ್?"

ಕೊನೆಗೆ ಮಾಲೀಕರೇ ಸೋತರು. ಸೋತರು ಎನ್ನುವುದಕ್ಕಿಂತ ಅವರಿಗೆ ಅಕ್ಕನ ಮುಖ ನೋಡಿ ಮಾತಾಡಲು ಆಗುತ್ತಿರಲಿಲ್ಲ.

ಮತ್ತೊಮ್ಮೆ ಮಾಹಿತಿಯ ಆಕಾರ ಬದಲಾದಾಗ ಸಂದೇಶ ಹಾಗೆಯೇ ಹೋಯಿತು. ಅದೇ ಬೆಳಿಗ್ಗೆ ಶಿರೂರಿನಿಂದ ಒಬ್ಬರು ಫೋನ್ ಮಾಡಿದರು. ಅಕ್ಕನೇ ಎತ್ತಿಕೊಂಡರು. ಆ ಕಡೆಯ ಸ್ವರ ಎಷ್ಟು ದೊಡ್ಡದಿತ್ತೆಂದರೆ ನನಗೂ ಕೇಳುತ್ತಿತ್ತು.

"ಹ್ವಾಯ್, ಮಾಹಿತಿ ಇಲ್ದಿದ್ರೆ ಮೆಸೇಜ್ ಎಂತಕ್ ಕಳ್ಸುದ್?"

"ಇಲ್ಲ ಅಂಬ್ದನ್ನ್ ಹೇಳುಕೆ."

"ಹಂಗಾರೆ ಇವತ್ತ್ ಹೋಪ್ದಾ ಬ್ಯಾಡ್ದಾ?"

"ನಂಗ್ ಗೊತ್ತಿಲ್ಲ. ನೀವ್ ಕಡ್ಲ್ ಕಂಡ್ಕಂಡ್ ಹೋಯ್ನಿ."

ಆತ ಏನೋ ಗೊಣಗಿ ಫೋನ್ ಇಟ್ಟ. ಮೊದಲಿನ ಅಕ್ಕ ಆಗಿದ್ದರೆ ಆ ಮಾತನ್ನು ಇಡೀ ದಿನ ಅಭಿನಯಿಸಿ ನಗಿಸುತ್ತಿದ್ದರು. ಅವತ್ತು ಫೋನ್ ಇಟ್ಟು ಕೆಲಸ ಮುಂದುವರಿಸಿದರು.

ಅವರು ಬದಲಾದದ್ದನ್ನು ಹೇಗೆ ಹೇಳುವುದು ಎಂದು ಗೊತ್ತಾಗುತ್ತಿಲ್ಲ. ಅವರು ಅಳಲಿಲ್ಲ. ರಜೆ ಹಾಕಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ನನ್ನ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು, ನನ್ನ ತಪ್ಪು ಎಲ್ಲಿದೆ ಎಂದು ಹೇಳುತ್ತಿದ್ದರು. ಪರದೆಯನ್ನು ಮಗಾ ಎಂದು ಕರೆಯುವುದು ನಿಂತಿತ್ತು. ಡಬ್ಬಿಯಲ್ಲಿ ತಂದದ್ದು ಅರ್ಧ ಉಳಿಯುತ್ತಿತ್ತು. ಮಾಲೀಕರು ಕಿಟಕಿ ತೆರೆಯುವುದನ್ನು ಬಿಟ್ಟರು, ಆ ಚಟ್ನಿಯೂ ಬರುವುದು ನಿಂತಿತು. ಒಂದು ದಿನ ನಾನು, "ಅಕ್ಕ, ಹುಷಾರ್ ಇದ್ರ್ಯಾ?" ಎಂದು ಕೇಳಿಯೇಬಿಟ್ಟೆ.

"ಹುಷಾರ್ ಇದ್ದೆ ಹೆಣೆ," ಎಂದರು. ಸ್ವಲ್ಪ ತಡೆದು, "ಎಂತದೂ ಆತಿಲ್ಲ ನಂಗ್. ಅಷ್ಟೇ" ಎಂದರು.

ಏನೂ ಅನ್ನಿಸುವುದೇ ಇಲ್ಲ ಎಂಬ ಆ ಮಾತು ನನಗೆ ಆಗ ಅರ್ಥವಾಗಿರಲಿಲ್ಲ. ಈಗ ಅರ್ಥವಾಗುತ್ತಿದೆ.

ಅವರು ಹೋದ ದಿನ ನಾವೆಲ್ಲ ಒಂದು ವ್ಯಾನ್ ಮಾಡಿಕೊಂಡು ಹೋದೆವು. ಮಳೆ ಬರುತ್ತಲೇ ಇತ್ತು. ಅವರನ್ನು ನೋಡಿದೆ. ಕನ್ನಡಕ ಇಲ್ಲದ್ದರಿಂದ ಬೇರೆ ಯಾರನ್ನೋ ನೋಡಿದಂತಾಯಿತು. ಮಾತು ಬಾರದ ಅವರ ಅಬ್ಬಿ ಮೂಲೆಯ ಮಂಚದಲ್ಲಿ ಒಂದು ಕೈಯಿಂದ ಹೊದಿಕೆಯ ಅಂಚನ್ನು ತಿರುಚುತ್ತಿದ್ದರು. ಬೆಂಕಿ ಕೊಟ್ಟದ್ದು ತಮ್ಮ. ನಾನು ಚಪ್ಪಲಿ ಹುಡುಕಿಕೊಂಡು ವ್ಯಾನಿನಲ್ಲಿ ಬಂದು ಕುಳಿತೆ.

ಕೆಲವು ದಿನ ಬಿಟ್ಟು ಆಫೀಸಿನಲ್ಲಿದ್ದ ಅವರ ವಸ್ತುಗಳನ್ನು ಕೊಡಲು ಒಬ್ಬಳೇ ಹೋದೆ. ಒಂದು ಶಾಲು, ಒಂದು ಲೋಟ, ಹಳೆಯ ಕನ್ನಡಕ, ಅರ್ಧ ಉಳಿದ ತಲೆನೋವಿನ ಮುಲಾಮು. ತಮ್ಮನ ಹೆಂಡತಿ ಅವನ್ನು ತೆಗೆದುಕೊಂಡು ಚಹಾ ಕೊಟ್ಟಳು. ಹೊರಡುವಾಗ ತಮ್ಮ ಹಿಂದೆಯೇ ಬಂದ. ಮನೆಯ ಹಿಂದೆ ದೋಣಿಗಳನ್ನು ಎಳೆದು ಇಟ್ಟ ಜಾಗದಲ್ಲಿ ನಿಂತ.

"ನಿಮಗೊಂದ್ ಹೇಳ್ಕ್," ಎಂದ.

ನಾನು ನಿಂತೆ.

"ಅವತ್ತ್ ನಾ ಆ ಮೆಸೇಜ್ ಕೇಂಡಿರ್ಲಿಲ್ಲ. ಫೋನೇ ತಕಂಡ್ ಹೋಯಿರ್ಲಿಲ್ಲ." ಅವನು ನನ್ನ ಕಡೆ ನೋಡಲಿಲ್ಲ. "ದೋಣಿ ನಂದ್. ಹೋಪ ಅಂದದ್ದ್ ನಾನ್. ಅಳಿವೆಯಂಗ್ ನೀರ್ ಎದ್ದದ್ದ್ ಕಂಡೂ ದೋಣಿ ಬಿಟ್ಟದ್ದ್ ನಾನ್. ಎಲ್ಲ ನನ್ನನ್ನೇ ಕಾಣ್ತಾ ಇದ್ರ್. ಅವ್ರ್ ಹಾಂಗ್ ಕೇಂಡದ್ದೇ ಬಾಯಿಂದ ಬಂದ್ ಹೋಯ್ತ್. ಆಮೇಲ್ ವಾಪಸ್ ತಕಂಬುಕೆ ಆಯ್ಲಿಲ್ಲ."

"ಅಕ್ಕನಿಗ್ ಗೊತ್ತಿರ್ಲಿಲ್ವಾ?" ಎಂದು ಕೇಳಿದೆ. ನನ್ನ ಸ್ವರ ನನಗೇ ಬೇರೆ ಯಾರದೋ ಅನ್ನಿಸಿತು.

"ಜ್ವರ ಬಂದ್ ಮಲ್ಕಂಡಿಪ್ಪತಿಗೆ ಹೇಳ್ದೆ. ನಂಗ್ ಅವತ್ತೇ ಗೊತ್ತ್ ಮಂಜ ಅಂದ್ಲ್. ನಾ ಕಡ್ಲಿಗ್ ಹೋದ್ ಮೇಲೆ ನನ್ ಫೋನ್ ದಿಂಬಿನಡಿ ಚಾರ್ಜ್ ಇಲ್ದೆ ಸತ್ತ್ ಬಿದ್ದಿದ್ದಿತ್ತಂಬ್ರ್. ಅದನ್ನ್ ಚಾರ್ಜಿಗ್ ಹಾಕದ್ದೇ ಅವ್ಳ್."

ಅಂದರೆ ಆ ಅಂಗಳದಲ್ಲಿ ತಮ್ಮ "ಕೇಂಡಿದ್ದೆ" ಎನ್ನುವಾಗ ಅವರಿಗೆ ಅದು ಸುಳ್ಳೆಂದು ಗೊತ್ತಿತ್ತು. ಅದರ ನಂತರದ ಎರಡು ಮಳೆಗಾಲವೂ ಗೊತ್ತಿತ್ತು.

"ಹಂಗಾರೆ ಎಂತಕ್ ಹೇಳ್ಲಿಲ್ಲ ಅಂದೇಳಿ ಕೇಂಡೆ," ಎಂದ ಅವನು. "ನೀ ಆ ಜನ್ರೊಟ್ಟಿಗೆ ದೋಣಿ ಹತ್ಕಲೆ, ನಿಜ ಗೊತ್ತಾದ್ರೆ ನಿನ್ನೊಟ್ಟಿಗ್ ಯಾರ್ ಬತ್ರ್ ಅಂದ್ಲ್. ನಂಗ್ ಅಳು ಬಂತ್. ಅದಕ್ ಅವ್ಳ್, ನೀ ಕೇಣ್ಲಿಲ್ಲ ಅಂದೇಳಿ ಆ ಮೆಸೇಜ್ ಹೇಳದ್ದ್ ನಿಜ ಆತ್ತಾ? ಬೇರೆ ಯಾರಾರೂ ಕೇಂಡಿದ್ರೆ ಎಂತ ಮಾಡುದಿದ್ದಿತ್? ತಪ್ಪ್ ನಂದೂ ಇತ್ತ್, ನೀ ಸುಮ್ನೆ ಮಲ್ಕೊ ಹೋಗ್ ಅಂದ್ಲ್."

ನನಗೆ ಕೋಪ ಬರಬೇಕಿತ್ತು. ಬರುತ್ತದೆ ಎಂದು ಕಾದೆ. ಅವನ ಕಾಲ ಬೆರಳುಗಳಲ್ಲಿ ಮರಳು ಅಂಟಿತ್ತು, ಅದನ್ನು ನೋಡುತ್ತ ನಿಂತೆ. ಗಾಳಿಗೆ ದೋಣಿಯ ಮೇಲೆ ಹಾಸಿದ ಟಾರ್ಪಾಲು ಪಟಪಟ ಎನ್ನುತ್ತಿತ್ತು.

"ಈಗ ಎಂತ ಮಾಡುದ್?" ಎಂದು ಅವನು ಕೇಳಿದ. ಮಕ್ಕಳು ಕೇಳುವ ಹಾಗೆ.

"ಅವ್ರ್ ಮನಿ ಇಲ್ಲೇ ಅಲ್ದಾ?" ಎಂದೆ. "ಹೋಪ."

ಅವನು ಅಂಗಿಯ ಗುಂಡಿ ಹಾಕಿಕೊಂಡ. ನಾವು ಬೇಲಿ ದಾಟಿ ನಡೆದೆವು. ದೋಣಿ ಮಗುಚಿ ತೀರಿಕೊಂಡವರ ಹೆಂಡತಿ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ನಮ್ಮನ್ನು ನೋಡಿ ಕೈ ಒರೆಸಿಕೊಂಡು ನಿಂತರು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ತಮ್ಮ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ದೋಣಿ ಬಿಟ್ಟದ್ದು ತಾನು, ಮೆಸೇಜ್ ಕೇಳಿರಲಿಲ್ಲ, ಕೇಳಿದ್ದೆ ಎಂದದ್ದು ಸುಳ್ಳು, ಅಕ್ಕನಿಗೆ ಅದು ಗೊತ್ತಿತ್ತು. ಹೇಳುವಾಗ ಅವನ ಸ್ವರ ಒಂದು ಸಲವೂ ಏರಲಿಲ್ಲ.

ಆಕೆ ಒಗೆದ ಲಂಗವೊಂದನ್ನು ಎತ್ತಿ ಹಿಂಡಿದರು. ಕೊಡವಿ ಹಗ್ಗಕ್ಕೆ ಹಾಕಿದರು. ಇನ್ನೊಂದನ್ನು ಎತ್ತಿಕೊಂಡರು. ಹಿಂಡದೆ ಹಾಗೆಯೇ ಹಿಡಿದು ನಿಂತರು.

"ಅಕ್ಕ ಇಪ್ಪತಿಗೆ ಹೇಳುದಲ್ದಾ," ಎಂದರು.

ತಮ್ಮ ತಲೆ ತಗ್ಗಿಸಿದ. ಬಟ್ಟೆಯಿಂದ ನೀರು ಅವರ ಕಾಲ ಮೇಲೆ ಸುರಿಯುತ್ತಿತ್ತು. ಆಮೇಲೆ ಆಕೆ ನನ್ನನ್ನು ನೋಡಿ ಕೇಳಿದರು.

"ಬೊಜ್ಜ ಯಾವತ್ತ್?"

ಬೊಜ್ಜ, ಅಂದರೆ ಅಕ್ಕನ ಉತ್ತರಕ್ರಿಯೆಯ ಊಟ, ಯಾವ ದಿನ ಎಂದು ನನಗೆ ಗೊತ್ತಿರಲಿಲ್ಲ. ತಮ್ಮ, "ಬಪ್ಪ ಸೋಮವಾರ" ಎಂದ.

"ಬತ್ತೆ," ಎಂದು ಆಕೆ ಮತ್ತೆ ಬಟ್ಟೆ ಹಿಂಡತೊಡಗಿದರು.

ಸೋಮವಾರ ನಾನು ಹೋದಾಗ ಆಕೆ ಅಡುಗೆಯ ಕಡೆ ಕುಳಿತು ಬಾಳೆ ಎಲೆ ಒರೆಸುತ್ತಿದ್ದರು. ಬಂದಿದ್ದ ಕೆಲವರು ಅವರನ್ನು ನೋಡಿ, ಮತ್ತೆ ತಮ್ಮನನ್ನು ನೋಡಿ, ತಮ್ಮೊಳಗೆ ಏನೋ ಅಂದುಕೊಂಡರು. ಊಟಕ್ಕೆ ಕುಳಿತಾಗ ಆಕೆ ಬಂದು ನನ್ನ ಪಕ್ಕದ ಎಲೆಗೆ ಕುಳಿತರು. ಅನ್ನ, ಸಾರು, ಪಲ್ಯ, ಪಾಯಸ, ಬಡಿಸಿದ್ದನ್ನೆಲ್ಲ ಒಂದೂ ಬಿಡದೆ ನಿಧಾನವಾಗಿ ಉಂಡರು. ನಾನೂ ಉಂಡೆ. ಯಾವುದರ ರುಚಿಯೂ ತಿಳಿಯಲಿಲ್ಲ.